ಕೊಡಗಿನ ತೋಟ, ಗದ್ದೆ, ತೋಡುಗಳಲ್ಲಿ ನೀರು ಉಳಿಸಿಕೊಳ್ಳುವ ಕ್ರಮ

ಅಂತರ್ಜಲ ಮರುಪೂರಣದ ಕುರಿತು ಕನ್ನಡದಲ್ಲಿ ಬಂದಿರುವ ಕೈಪಿಡಿಗಳಲ್ಲಿ ಹೆಚ್ಚಿನವು ಕೋಲಾರ, ತುಮಕೂರು, ಚಿತ್ರದುರ್ಗದಂತಹ ಬಯಲುಸೀಮೆಯ ಜಿಲ್ಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ವರ್ಷಕ್ಕೆ ಆರೇಳುನೂರು ಮಿ.ಮೀ. ಮಳೆ ಬೀಳುವ ಆ ನೆಲದಲ್ಲಿ, ಬಿದ್ದ ಹನಿಯನ್ನು ಇಳಿಜಾರಿನಲ್ಲೇ ತಡೆದು, ಗುಂಡಿ ಕಂದಕಗಳಲ್ಲಿ ನಿಲ್ಲಿಸಿ ಮಣ್ಣಿಗೆ ಕುಡಿಸುವುದು ಸರಿಯಾದ ಕ್ರಮವೇ. ಭಾಗಮಂಡಲದ ಸುತ್ತಮುತ್ತ ಮಳೆ ಐದು ಸಾವಿರ ಮಿ.ಮೀ. ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ, ಮತ್ತು ಅದೇ ಊರಿನ ತೋಡು (ಸಣ್ಣ ಹಳ್ಳ) ಮಾರ್ಚ್ ತಿಂಗಳಿನಲ್ಲಿ ಕಲ್ಲು ತೋರಿಸಿಕೊಂಡು ಬಿದ್ದಿರುತ್ತದೆ. ಇಂತಹ ಕಡೆ ಬಯಲುಸೀಮೆಯ ಕೈಪಿಡಿಯನ್ನು ಇದ್ದಂತೆಯೇ ತಂದು ಗುಡ್ಡದ ಮೈಮೇಲೆ ಸಾಲುಗುಂಡಿ ತೋಡಿದರೆ ನೀರಿನ ಬದಲು ಗುಡ್ಡವೇ ಕೆಳಗಿಳಿದು ಬರಬಹುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದ ಮೇಲೆ ಅಧ್ಯಯನಕ್ಕೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು, ಇಳಿಜಾರನ್ನು ನೆಟ್ಟಗೆ ಕಡಿದು ಅದರ ಸ್ವರೂಪವನ್ನೇ ಬದಲಿಸಿದ್ದನ್ನು ಮುಖ್ಯ ಕಾರಣಗಳಲ್ಲಿ ಒಂದಾಗಿ ಹೇಳಿತು. ಗುಡ್ಡದ ಮೈಯಲ್ಲಿ ನಾವು ಮಾಡುವ ಪ್ರತಿಯೊಂದು ಅಗೆತವನ್ನೂ ಆ ಮಾತಿನ ಬೆಳಕಿನಲ್ಲಿ ನೋಡಬೇಕು.

ಆದ್ದರಿಂದ ಈ ಬರಹ ಬಾಣೆಯ (ಗದ್ದೆಗೆ ಸೇರಿದ ಮೇಲಿನ ಮರಗಳ ಇಳಿಜಾರು) ನೆತ್ತಿಯಿಂದಲ್ಲ, ಬೈಲಿನ (ಗುಡ್ಡಗಳ ನಡುವಿನ ತಗ್ಗು) ಗದ್ದೆಯಿಂದ ಆರಂಭವಾಗುತ್ತದೆ. ಕೊಡಗಿನಲ್ಲಿ ನೀರನ್ನು ಹಿಡಿದಿಡುವ ಕೆಲಸವನ್ನು ಬಹುಕಾಲದಿಂದ ಮಾಡಿಕೊಂಡು ಬಂದವು ಗುಡ್ಡಗಳ ನಡುವಿನ ತಗ್ಗಿನ ಗದ್ದೆ, ಹಡ್ಲು (ಜೌಗು ಹುಲ್ಲುಬಯಲು), ಕೆರೆ ಮತ್ತು ತೋಡಿನ ಅಂಚುಗಳು. ಹೊಸದಾಗಿ ಏನನ್ನಾದರೂ ಕಟ್ಟುವ ಮುನ್ನ ಇವುಗಳಲ್ಲಿ ಉಳಿದಿರುವುದನ್ನು ಕಾಪಾಡಿಕೊಳ್ಳುವುದು ಖರ್ಚಿನಲ್ಲಿ ಕಡಿಮೆ, ಫಲದಲ್ಲಿ ಹೆಚ್ಚು.

ನೆಲದಡಿಯ ಪಾತ್ರೆ ಎಷ್ಟು ದೊಡ್ಡದು?

ಕೊಡಗಿನ ಅಡಿಯಲ್ಲಿರುವುದು ನೈಸ್ ಮೊದಲಾದ ಗಟ್ಟಿ ಬಂಡೆ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಬಂಡೆ ಕೊಳೆತು ಮೆದುವಾದ ಪದರ, ಅದಕ್ಕೂ ಕೆಳಗೆ ಬಿರುಕುಗಳಿರುವ ಬಂಡೆ. ತೆರೆದ ಬಾವಿಗೂ ತೋಡಿಗೂ ನೀರು ಕೊಡುವುದು ನಡುವಿನ ಆ ಮೆದು ಪದರ; ಕೊಳವೆಬಾವಿ ಮುಟ್ಟುವುದು ಕೆಳಗಿನ ಬಿರುಕುಗಳನ್ನು. ಗಟ್ಟಿ ಬಂಡೆಯ ಪ್ರದೇಶದಲ್ಲಿ ಈ ಮೆದು ಪದರವು ತನ್ನ ಗಾತ್ರದ ಶೇಕಡಾ 1ರಿಂದ 3ರಷ್ಟು ನೀರನ್ನು ಮಾತ್ರ ಬಿಟ್ಟುಕೊಡುತ್ತದೆ. ಶೇಕಡಾ 2 ಎಂದು ಹಿಡಿದು ಲೆಕ್ಕ ಹಾಕಿದರೆ, ಒಂದು ಎಕರೆಯ ಅಡಿಯಲ್ಲಿ ನೀರಿನ ಮಟ್ಟ ಒಂದು ಮೀಟರ್ ಏರಿದಾಗ ನಮಗೆ ಸಿಗುವುದು ಸುಮಾರು 80 ಸಾವಿರ ಲೀಟರ್. ಅದೇ ಒಂದು ಎಕರೆ ರೊಬಸ್ಟಾ ಕಾಫಿಗೆ ಹೂ ಮಳೆ (ಕಾಫಿ ಹೂ ಬಿಡಲು ಬೇಕಾದ ಬೇಸಿಗೆಯ ಮಳೆ) ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ನಲ್ಲಿ ಒಂದು ಇಂಚು ನೀರು ಹಾಯಿಸಲು ಬೇಕಾಗುವುದು ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಅಂದರೆ ಒಂದು ಸಲದ ಹೂ ನೀರಾವರಿಗೆ ತನ್ನ ಎಕರೆಯ ಅಡಿಯ ಒಂದು ಮೀಟರ್ ಏರಿಕೆಯೂ ಸಾಲುವುದಿಲ್ಲ.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಡುತ್ತವೆ. ನಮ್ಮ ನೆಲದಡಿಯ ಪಾತ್ರೆ ಚಿಕ್ಕದು. ಅದು ಜುಲೈ ಮಧ್ಯದ ಹೊತ್ತಿಗೇ ತುಂಬಿ ತುಳುಕುತ್ತದೆ, ಆಮೇಲೆ ಎಷ್ಟು ಗುಂಡಿ ತೋಡಿದರೂ ಹೆಚ್ಚಿನ ನೀರು ಒಳಗಿಳಿಯುವುದಿಲ್ಲ. ಎರಡನೆಯದಾಗಿ, ಕಕ್ಕಡದ (ಜುಲೈ–ಆಗಸ್ಟ್) ಮಳೆಯನ್ನು ಹಿಡಿಯುವುದು ನಮ್ಮ ಮುಖ್ಯ ಕೆಲಸವಲ್ಲ. ಸೆಪ್ಟೆಂಬರ್ ಕೊನೆಗೆ ತುಂಬಿರುವ ಪಾತ್ರೆ ಡಿಸೆಂಬರಿಗೇ ಸೋರಿ ಬರಿದಾಗದಂತೆ ಅದರ ತೂತನ್ನು ಚಿಕ್ಕದು ಮಾಡುವುದು ಮುಖ್ಯ ಕೆಲಸ. ಆ ತೂತು ಇರುವುದು ಬೈಲಿನ ತಳದಲ್ಲಿ, ಬಸಿಗಾಲುವೆಯ ಮತ್ತು ತೋಡಿನ ರೂಪದಲ್ಲಿ.

ಮೊದಲು ಅಳತೆ

ಕೆಲಸಕ್ಕೆ ಕೈಹಾಕುವ ಮುನ್ನ ಒಂದು ವರ್ಷವಾದರೂ ಬಾವಿಯ ನೀರಿನ ಮಟ್ಟವನ್ನು ಬರೆದಿಡಿ. ಬಾವಿಕಟ್ಟೆಯ ಮೇಲೆ ಒಂದು ಕಡೆ ಬಣ್ಣದ ಗುರುತು ಹಾಕಿ, ಅಡಿ ಇಂಚುಗಳ ಗಂಟು ಹಾಕಿದ ಹಗ್ಗದ ತುದಿಗೆ ತೂಕ ಕಟ್ಟಿ, ಪ್ರತಿ ತಿಂಗಳು ಒಂದನೇ ತಾರೀಕು ಬೆಳಿಗ್ಗೆ ಪಂಪ್ ಹಾಕುವ ಮೊದಲು ಅದೇ ಗುರುತಿನಿಂದ ಇಳಿಸಿ ನೋಡಿದರೆ ಸಾಕು. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ತೋಟದವರಿಗೆ ತಿಂಗಳಿಗೊಮ್ಮೆ ಅಳೆಯುವುದು ಕಷ್ಟವಲ್ಲ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಮಟ್ಟ ಯಾವ ವೇಗದಲ್ಲಿ ಇಳಿಯುತ್ತದೆ ಎಂಬುದೇ ನಮಗೆ ಬೇಕಾದ ವಿಷಯ.

ಇದರ ಜೊತೆಗೆ ತೋಟದ ಒಂದು ಒರಟು ನಕ್ಷೆಯನ್ನು ಬರೆದುಕೊಳ್ಳಿ. ಎಲ್ಲಿ ಒರತೆ ಇದೆ, ಯಾವ ಒರತೆ ಯಾವ ತಿಂಗಳಿಗೆ ನಿಲ್ಲುತ್ತದೆ, ಪಂಚಾಯಿತಿ ರಸ್ತೆಯ ಚರಂಡಿ ಎಲ್ಲಿ ಬಂದು ಬೀಳುತ್ತದೆ, ಆನೆ ದಾರಿ ಯಾವುದು, ಕೆಲಸಗಾರರ ಲೈನ್ ಮನೆಗಳ ಶೌಚಗುಂಡಿ ಎಲ್ಲಿದೆ ಎಂಬುದೆಲ್ಲ ಅದರಲ್ಲಿರಲಿ. ಒರತೆಯ ವಿಷಯವನ್ನು ತೋಟದಲ್ಲಿ ಹಳಬರಾದ ಕೆಲಸಗಾರರನ್ನು ಕೇಳಿ. ಮಾಲೀಕನಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನೀರು ಇಂಗುವ ವೇಗವನ್ನು ತಿಳಿಯಲು ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ, ಒಮ್ಮೆ ತುಂಬ ನೀರು ಹಾಕಿ ಮಣ್ಣು ಪೂರ್ತಿ ನೆನೆಯಲು ಬಿಡಿ. ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಂಚು ಇಳಿಯುತ್ತದೆಂದು ಕಡ್ಡಿಯಿಂದ ಅಳೆಯಿರಿ. ಗಂಟೆಗೆ ಅರ್ಧ ಇಂಚೂ ಇಳಿಯದ ಜಾಗದಲ್ಲಿ ಇಂಗುಗುಂಡಿಗೆ ಹಣ ಹಾಕಬೇಡಿ. ಆ ಜಾಗ ಕೆರೆಗೆ ಒಳ್ಳೆಯದು.

ಗದ್ದೆ

ಕೊಡಗಿನ ಹಳೆಯ ಭೂವ್ಯವಸ್ಥೆಯಲ್ಲಿ ಬಾಣೆ ಇದ್ದದ್ದು ಗದ್ದೆಗಾಗಿ. ಮೇಲಿನ ಬಾಣೆ ಸೊಪ್ಪು, ಸೌದೆ, ಮೇವು ಕೊಡುತ್ತಿತ್ತು, ಅದರ ಮರಗಳ ಅಡಿಯಿಂದ ಬಸಿದ ನೀರು ಕೆಳಗಿನ ಗದ್ದೆಗೆ ಬರುತ್ತಿತ್ತು. ಈಗ ಬಾಣೆ ಕಾಫಿ ತೋಟವಾಗಿದೆ. ಗದ್ದೆಯಾದರೋ ಆಳುಕೂಲಿ ಗಿಟ್ಟದೆ, ಹಂದಿ ಆನೆಗಳ ಕಾಟ ತಾಳಲಾರದೆ ಪಾಳು ಬಿದ್ದಿದೆ; ಇಲ್ಲವೇ ಶುಂಠಿಗೋ, ಅಡಿಕೆಗೋ, ಮನೆ ನಿವೇಶನಕ್ಕೋ ಹೋಗಿದೆ. ಗದ್ದೆ ಬಿಟ್ಟವರನ್ನು ದೂರುವುದು ನನ್ನ ಉದ್ದೇಶವಲ್ಲ, ಲೆಕ್ಕ ಹಾಕಿದ ಯಾರಾದರೂ ಬಿಡುತ್ತಿದ್ದರು. ಆದರೆ ಭತ್ತ ಬೆಳೆಯುವುದನ್ನು ನಿಲ್ಲಿಸುವುದಕ್ಕೂ ಗದ್ದೆಯನ್ನು ಒಣಗಿಸುವುದಕ್ಕೂ ವ್ಯತ್ಯಾಸವಿದೆ. ಭತ್ತ ಬಿಟ್ಟವರೂ ನೀರನ್ನು ಬಿಡದೆ ಇರಬಹುದು.

ಬದುಗಳಿರುವ ಒಂದು ಎಕರೆ ಗದ್ದೆಯಲ್ಲಿ ನಾಲ್ಕು ಇಂಚು ನೀರು ನಿಂತರೆ ಅದು ಯಾವ ಕ್ಷಣದಲ್ಲಿ ನೋಡಿದರೂ ನಾಲ್ಕು ಲಕ್ಷ ಲೀಟರಿಗೂ ಹೆಚ್ಚಿನ ಸಂಗ್ರಹ. ಉತ್ತು ಕೆಸರು ಮಾಡಿದ ಗದ್ದೆಯಿಂದ ದಿನಕ್ಕೆ 3 ಮಿ.ಮೀ. ಮಾತ್ರ ಕೆಳಗಿಳಿಯುತ್ತದೆ ಎಂದು ಹಿಡಿದರೂ, ನೂರು ದಿನಗಳಲ್ಲಿ 12 ಲಕ್ಷ ಲೀಟರ್ ನೀರು ಮಣ್ಣಿನೊಳಗೆ ಹೋಗುತ್ತದೆ. ಐದು ಎಕರೆ ರೊಬಸ್ಟಾಕ್ಕೆ ಹೂವಿಗೆ ಒಂದು ಇಂಚು, ಹದಿನೈದು ಇಪ್ಪತ್ತು ದಿನ ಬಿಟ್ಟು ಬ್ಯಾಕಿಂಗ್‌ಗೆ (ಹೂ ಬಿಟ್ಟ ಮೇಲೆ ಕಾಯಿ ಕಚ್ಚಲು ಕೊಡುವ ನೀರು) ಇನ್ನೊಂದು ಇಂಚು ಎಂದರೆ ಬೇಕಾಗುವುದು ಸುಮಾರು 10 ಲಕ್ಷ ಲೀಟರ್. ಹಾಗೆಂದು ಇಂಗಿದ ಅಷ್ಟೂ ನೀರು ಮಾರ್ಚ್‌ವರೆಗೆ ನಮಗಾಗಿ ಕಾದುಕೊಂಡು ಕುಳಿತಿರುವುದಿಲ್ಲ. ಮಳೆಗಾಲದಲ್ಲಿ ಇಂಗಿದ್ದರಲ್ಲಿ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಪಕ್ಕದ ತೋಡಿಗೆ ಬಸಿಯುತ್ತದೆ. ಗದ್ದೆಯಲ್ಲಿ ನೀರು ಅಕ್ಟೋಬರ್, ನವೆಂಬರ್‌ವರೆಗೆ ನಿಂತಾಗ ಮಾತ್ರ ಬೇಸಿಗೆಯ ಲೆಕ್ಕಕ್ಕೆ ಅದು ಸೇರುತ್ತದೆ. ಸುಗ್ಗಿಯ ಹಬ್ಬವಾದ ಪುತ್ತರಿಯವರೆಗೆ ಗದ್ದೆಯಲ್ಲಿ ಪೈರಿದ್ದ ಕಾಲದಲ್ಲಿ ಇದು ತಾನಾಗಿಯೇ ನಡೆಯುತ್ತಿತ್ತು.

ಪಾಳು ಬಿಟ್ಟ ಗದ್ದೆಯಲ್ಲಿ ಮಾಡಬೇಕಾದದ್ದು ಇಷ್ಟು. ಮೇ ತಿಂಗಳಿನಲ್ಲಿ ಬದುಗಳ ಏಡಿ ತೂತು, ಇಲಿ ಬಿಲಗಳನ್ನು ಜೇಡಿಮಣ್ಣಿನಿಂದ ಮುಚ್ಚಿಸಿ. ಪ್ರತಿ ಮಡಿಯಿಂದ ಕೆಳಗಿನ ಮಡಿಗೆ ನೀರು ಹೋಗುವ ಬಾಯಿಗೆ ಚಪ್ಪಡಿ ಕಲ್ಲು ಹಾಸಿ, ಅದರ ಮಟ್ಟ ಗದ್ದೆಯ ನೆಲಕ್ಕಿಂತ ಐದಾರು ಇಂಚು ಎತ್ತರದಲ್ಲಿ ನಿಲ್ಲುವಂತೆ ನೋಡಿಕೊಳ್ಳಿ. ಕಲ್ಲಿಲ್ಲದ ಬಾಯಿ ಒಂದೇ ಮಳೆಗೆ ಕೊರೆದು ಬದುವನ್ನೇ ಒಯ್ಯುತ್ತದೆ. ಸಾಧ್ಯವಾದರೆ ಎರಡು ವರ್ಷಕ್ಕೊಮ್ಮೆ ಟಿಲ್ಲರ್ ಹಾಕಿಸಿ, ಇಲ್ಲದಿದ್ದರೆ ಪೊದೆ ಬೆಳೆದು ಗದ್ದೆ ಕಾಡಾಗುತ್ತದೆ. ಶುಂಠಿಯವರು ಗುತ್ತಿಗೆ ಕೇಳಿಕೊಂಡು ಬಂದರೆ, ಅವರು ಕಡಿಯುವ ಆಳದ ಬಸಿಗಾಲುವೆಯನ್ನು ಬೆಳೆ ಕಿತ್ತ ಮೇಲೆ ಅವರೇ ಮುಚ್ಚಿ ಕೊಡಬೇಕೆಂದು ಕರಾರಿನಲ್ಲಿ ಬರೆಸಿಕೊಳ್ಳಿ. ನಾನು ಕಂಡ ಒಂದು ಬೈಲಿನಲ್ಲಿ ಒಂದೇ ವರ್ಷದ ಶುಂಠಿಗಾಗಿ ನಾಲ್ಕಡಿ ಆಳ ಕಡಿದ ಕಾಲುವೆ ಹಾಗೆಯೇ ಉಳಿದು, ಮೇಲಿನ ಮೂರು ಮನೆಗಳ ಬಾವಿ ಜನವರಿಗೇ ತಳ ಕಂಡಿತು. ಬಾವಿ ಬತ್ತಿದವರು ಕೊಳವೆಬಾವಿ ಕೊರೆಸಿದರೇ ಹೊರತು ಕೆಳಗಿನ ಕಾಲುವೆಯನ್ನು ನೋಡಲು ಯಾರೂ ಹೋಗಲಿಲ್ಲ. ಈಗಾಗಲೇ ಇರುವ ಆಳದ ಕಾಲುವೆಯನ್ನು ಒಮ್ಮೆಲೇ ಮುಚ್ಚಬೇಕೆಂದಿಲ್ಲ. ಇಪ್ಪತ್ತು ಮೂವತ್ತು ಅಡಿಗೊಂದರಂತೆ ಜೇಡಿಮಣ್ಣು ಮತ್ತು ಕಲ್ಲಿನ ಅಡ್ಡ ಕಟ್ಟುಗಳನ್ನು ಹಾಕಿದರೆ ಅದೇ ಕಾಲುವೆ ಮೆಟ್ಟಿಲು ಮೆಟ್ಟಿಲಾಗಿ ನೀರು ಹಿಡಿಯುತ್ತದೆ.

ಗದ್ದೆಯ ನಡುವೆ ಹಿಟಾಚಿ ತಂದು ಹದಿನೈದು ಇಪ್ಪತ್ತು ಅಡಿ ಆಳದ ಕೆರೆ ತೆಗೆಸುವುದು ಈಗ ಎಲ್ಲೆಡೆ ಕಾಣುತ್ತಿದೆ. ಕೆರೆ ತುಂಬುತ್ತದೆ ನಿಜ, ಆದರೆ ಅದು ಸುತ್ತಲಿನ ಗದ್ದೆಗಳಿಂದ ಬಸಿದು ಬಂದ ನೀರು. ಫೆಬ್ರವರಿಯಲ್ಲಿ ಅದನ್ನು ಪಂಪ್ ಮಾಡಿ ಬರಿದು ಮಾಡಿದಾಗ ಇಡೀ ಬೈಲಿನ ತೇವವನ್ನು ಅದು ತನ್ನತ್ತ ಎಳೆದುಕೊಳ್ಳುತ್ತದೆ. ಕೆರೆ ಬೇಕೇ ಬೇಕೆಂದಾದರೆ ಬೈಲಿನ ಅಂಚಿನಲ್ಲಿ, ಹತ್ತಡಿ ಮೀರದ ಆಳಕ್ಕೆ, ಅಗಲವಾಗಿ ತೆಗೆಸಿ. ನೂರು ಅಡಿ ಉದ್ದ, ಐವತ್ತು ಅಡಿ ಅಗಲ, ಹತ್ತಡಿ ಆಳದ ಕೆರೆ ಅಂಚುಗಳ ಇಳಿಜಾರನ್ನು ಕಳೆದರೂ ಏಳೆಂಟು ಲಕ್ಷ ಲೀಟರ್ ಹಿಡಿಯುತ್ತದೆ.

ಕಾನೂನಿನ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ಕೇಂದ್ರ ಸರ್ಕಾರದ 2017ರ ಜೌಗುಪ್ರದೇಶ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳು ಭತ್ತದ ಗದ್ದೆಯನ್ನು ಜೌಗುಪ್ರದೇಶದ ವ್ಯಾಖ್ಯೆಯಿಂದ ಹೊರಗಿಟ್ಟಿವೆ, ನೀರಾವರಿಗಾಗಿಯೇ ಕಟ್ಟಿದ ಕೆರೆಗಳನ್ನೂ ಹೊರಗಿಟ್ಟಿವೆ. ಕೃಷಿಯೇತರ ಬಳಕೆಗೆ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆಯ ಅನುಮತಿ ಬೇಕಾಗುತ್ತದೆಯಾದರೂ, ಗದ್ದೆಯನ್ನು ಜೌಗು ಎಂದು ಪರಿಗಣಿಸಿ ಕಾಪಾಡುವ ಹೊಣೆ ಸದ್ಯಕ್ಕೆ ಮಾಲೀಕನ ಮೇಲೆಯೇ ಇದೆ. ಮಾಕುಟ್ಟ, ಕುಟ್ಟ ದಾಟಿದರೆ ಸಿಗುವ ಕೇರಳದಲ್ಲಿ 2008ರಿಂದಲೇ ಗದ್ದೆ ಮತ್ತು ಜೌಗು ಸಂರಕ್ಷಣೆಗೆ ಪ್ರತ್ಯೇಕ ಕಾಯ್ದೆಯಿದೆ. 2020ರಲ್ಲಿ ಗದ್ದೆ ಉಳಿಸಿಕೊಂಡ ಮಾಲೀಕರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿಯಂತೆ ರಾಯಲ್ಟಿ ಕೊಡುವುದನ್ನೂ ಅಲ್ಲಿನ ಸರ್ಕಾರ ಆರಂಭಿಸಿತು. ಮೊತ್ತ ಸಣ್ಣದೇ. ಆದರೆ ಗದ್ದೆ ಕೊಡುವುದು ಭತ್ತವೊಂದನ್ನೇ ಅಲ್ಲ ಎಂಬುದನ್ನು ಆ ಮೊತ್ತ ಸರ್ಕಾರಿ ಲೆಕ್ಕಪುಸ್ತಕದಲ್ಲಿ ಬರೆಸಿತು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಮೇಲೆ ಬೆಂಗಳೂರಿಗೆ ದಿನಕ್ಕೆ 222 ಕೋಟಿ ಲೀಟರಿಗೂ ಹೆಚ್ಚು ಕಾವೇರಿ ನೀರು ಒಯ್ಯುವ ವ್ಯವಸ್ಥೆ ಸಿದ್ಧವಾಗಿರುವಾಗ, ಆ ನದಿಯ ತಲೆಯಲ್ಲಿರುವ ಗದ್ದೆಗಳಿಗೂ ಇಂತಹುದೊಂದು ಪಾಲು ಕೇಳುವುದು ಅತಿಯಾಸೆಯಲ್ಲವೆಂದು ನನ್ನ ಅಭಿಪ್ರಾಯ.

ತೋಡಿನ ಅಡ್ಡಕಟ್ಟು

ಬೈಲಿನ ತಳದ ತೋಡಿಗೆ ಕಿಂಡಿ ಅಣೆಕಟ್ಟು ಇದ್ದರೆ ಅದರ ಹಲಗೆಗಳನ್ನು ಹಾಕುವ ಕಾಲವೇ ಅತಿ ಮುಖ್ಯ. ಬೇಗ ಹಾಕಿದರೆ ತುಲಾ ಮಾಸದ (ಅಕ್ಟೋಬರ್–ನವೆಂಬರ್) ಒಂದು ಜೋರು ಮಳೆಗೆ ನೆರೆ ಬಂದು ದಂಡೆ ಕೊಚ್ಚಿಹೋಗುತ್ತದೆ, ತಡ ಮಾಡಿದರೆ ಹಿಡಿಯಲು ನೀರೇ ಇರುವುದಿಲ್ಲ. ತೋಡಿನ ನೀರು ಕೆಂಪು ಬಿಟ್ಟು ತಿಳಿಯಾಗಿ, ಮೇಲಿಂದ ಮೇಲೆ ಒಂದು ವಾರ ಮಟ್ಟ ಇಳಿಯುತ್ತಾ ಬಂದರೆ ಹಲಗೆ ಹಾಕುವ ಹೊತ್ತಾಯಿತೆಂದು ತಿಳಿಯಬಹುದು. ಅಣೆಕಟ್ಟು ಇಲ್ಲದವರು ಮಣ್ಣು ತುಂಬಿದ ಚೀಲಗಳನ್ನು ಮೂರಡಿ ಮೀರದ ಎತ್ತರಕ್ಕೆ ಜೋಡಿಸಿ ಒಡ್ಡು ಕಟ್ಟಬಹುದು. ನೂರಿನ್ನೂರು ಅಡಿಗೊಂದರಂತೆ ನಾಲ್ಕು ಸಣ್ಣ ಒಡ್ಡುಗಳು ಒಂದು ದೊಡ್ಡ ಒಡ್ಡಿಗಿಂತ ಹೆಚ್ಚು ಉದ್ದದ ದಂಡೆಯನ್ನು ತೇವವಾಗಿಡುತ್ತವೆ. ಯಾವ ಒಡ್ಡೂ ತೋಡನ್ನು ಪೂರ್ತಿ ಕಟ್ಟಿಹಾಕಬಾರದು. ಒಂದು ಮೂಲೆಯಲ್ಲಿ ಅಂಗೈ ಅಗಲದ ನೀರು ಸದಾ ಹರಿಯುತ್ತಿರಲಿ. ಅದು ಕೆಳಗಿನ ತೋಟದವರ ಹಕ್ಕು, ಮೀನು ಮತ್ತು ನೀರುನಾಯಿಗಳ ದಾರಿಯೂ ಹೌದು. ಪ್ಲಾಸ್ಟಿಕ್ ಚೀಲಗಳನ್ನು ಮೇ ತಿಂಗಳಿನಲ್ಲಿ ಎತ್ತಿ ತೆಗೆಯದಿದ್ದರೆ ಮುಂದಿನ ವರ್ಷ ಅವು ಹರಕು ಚಿಂದಿಯಾಗಿ ಹಾರಂಗಿಗೋ ಕೆಆರ್‌ಎಸ್‌ಗೋ ಹೋಗಿ ಸೇರುತ್ತವೆ.

ತೋಡಿನ ಎರಡೂ ಬದಿ ಮೂವತ್ತು ಅಡಿಯಾದರೂ ಜಾಗ ಬಿಟ್ಟು, ಅಲ್ಲಿರುವ ಮುಂಡುಗ, ಬೆತ್ತ, ವಾಟೆ, ಹೊಳೆಮತ್ತಿ, ಹೊಂಗೆಗಳನ್ನು ಕಡಿಯದೆ ಉಳಿಸಿ. ಕಳೆನಾಶಕ ಈ ಪಟ್ಟಿಗೆ ಬೇಡವೇ ಬೇಡ. ತೋಡು ಡೊಂಕಾಗಿ ಹರಿದು ಜಾಗ ತಿನ್ನುತ್ತದೆಂದು ಯಂತ್ರದಿಂದ ನೇರ ಮಾಡಿಸಿದವರು ಎರಡು ವರ್ಷದಲ್ಲಿ ತೋಡು ಎರಡಡಿ ಕೆಳಗಿಳಿದಿರುವುದನ್ನು ಕಾಣುತ್ತಾರೆ. ತೋಡಿನ ತಳ ಇಳಿದಷ್ಟೂ ಪಕ್ಕದ ಗದ್ದೆಯ ನೀರೂ ಇಳಿಯುತ್ತದೆ.

ಇಳಿಜಾರಿನಲ್ಲಿ

ಇಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಎರಡು ಕೋಲುಗಳ ನಡುವೆ ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿದು, ಹತ್ತಡಿ ದೂರಕ್ಕೆ ನೆಲ ಎಷ್ಟು ಇಳಿಯುತ್ತದೆಂದು ನೋಡಿ. ಎರಡೂವರೆ ಅಡಿಗಿಂತ ಹೆಚ್ಚು ಇಳಿದರೆ ಅಲ್ಲಿ ಇಂಗುಗುಂಡಿ, ಉದ್ದ ಕಂದಕ ಯಾವುದೂ ಬೇಡ. ಮರದ ನೆರಳು, ತರಗೆಲೆಯ ಹೊದಿಕೆ, ಬೇರು ಇವುಗಳೇ ಅಲ್ಲಿ ನೀರು ಇಂಗಿಸುವ ಸಾಧನ. ಅದಕ್ಕಿಂತ ಕಡಿಮೆ ಇಳಿಜಾರಿನಲ್ಲಿ ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿಗಳನ್ನು ತೆಗೆಯುವ ಹಳೆಯ ಪದ್ಧತಿ ಚೆನ್ನಾಗಿಯೇ ಇದೆ. ಒಂದೂವರೆ ಅಡಿ ಅಗಲ, ಒಂದಡಿ ಆಳ ಸಾಕು. ಸಮಪಾತಳಿಯಲ್ಲಿರಬೇಕು, ಒಂದರ ನೇರಕ್ಕೆ ಇನ್ನೊಂದು ಬರದಂತೆ ಮೇಲೆ ಕೆಳಗೆ ಬಿಟ್ಟು ಬಿಟ್ಟು ಇರಬೇಕು. ಮಡಿಕೇರಿ, ಭಾಗಮಂಡಲದ ಕಡೆಗಿಂತ ಸೋಮವಾರಪೇಟೆಯ ಪೂರ್ವ ಭಾಗ, ಕುಶಾಲನಗರ, ಸಿದ್ದಾಪುರದಂತಹ ಮಳೆ ಕಡಿಮೆಯ ತೋಟಗಳಿಗೆ ಇವು ಹೆಚ್ಚು ಉಪಯುಕ್ತ.

ಗುಡ್ಡದ ನೆತ್ತಿಯಲ್ಲೋ ಮೈಯಲ್ಲೋ ಬಿಲ್ಲಿನಾಕಾರದ ಬಿರುಕು ಕಂಡರೆ, ಮರಗಳು ಕೆಳಮುಖವಾಗಿ ವಾಲಿದ್ದರೆ, ಹಿಂದೆ ಇಲ್ಲದ ಜಾಗದಲ್ಲಿ ಕೆಸರು ನೀರಿನ ಒರತೆ ಎದ್ದರೆ, ಮೇಲಿನ ಎಲ್ಲ ಗುಂಡಿಗಳನ್ನೂ ಮುಚ್ಚಿಸಿ, ಬಿರುಕಿಗೆ ಜೇಡಿಮಣ್ಣು ತುಂಬಿ, ನೀರನ್ನು ಕಲ್ಲು ಹಾಸಿದ ಚರಂಡಿಯ ಮೂಲಕ ಪಕ್ಕದ ಸಹಜ ತೋಡಿಗೆ ತಿರುಗಿಸಬೇಕು. ಕೆಳಗೆ ಮನೆಗಳಿದ್ದರೆ ಮೊದಲು ಅಲ್ಲಿನವರನ್ನು ಎಚ್ಚರಿಸಿ, ಪಂಚಾಯಿತಿಗೂ ಕಂದಾಯ ಇಲಾಖೆಗೂ ತಿಳಿಸಬೇಕು. ಅಂತಹ ಜಾಗದಲ್ಲಿ ನೀರು ಇಂಗಿಸುವ ಮಾತೇ ಇಲ್ಲ. ನೆತ್ತಿಯಲ್ಲಿ ದೇವರ ಕಾಡು ಇರುವ ಊರುಗಳು ಅದರ ಅಂಚನ್ನು ಒತ್ತುವರಿಯಾಗದಂತೆ ನೋಡಿಕೊಂಡರೆ, ಗುಂಡಿಗಳಿಂದ ಆಗದ ಕೆಲಸವನ್ನು ಆ ಮರಗಳು ಮಾಡುತ್ತವೆ.

ಬಾವಿ, ಕೊಳವೆಬಾವಿ, ಪೇಟೆ

ಒಂದು ಸಾವಿರ ಚದರ ಅಡಿ ಸೂರಿನ ಮೇಲೆ ಒಂದು ಸಾವಿರ ಮಿ.ಮೀ. ಮಳೆ ಬಿದ್ದರೆ, ಸೋರಿಕೆ ಕಳೆದು ಸುಮಾರು 74 ಸಾವಿರ ಲೀಟರ್ ಸಿಗುತ್ತದೆ. ಕುಶಾಲನಗರದ ಸುತ್ತ ನೆಲ ಸಮತಟ್ಟಾಗಿದೆ, ಮಳೆ ಸಾವಿರದ ಆಸುಪಾಸಿನಲ್ಲಿದೆ, ಬಡಾವಣೆಗಳು ಒಂದರ ಮೇಲೊಂದು ಏಳುತ್ತಿವೆ. ಸೂರಿನ ನೀರನ್ನು ಬಾವಿಗೆ ಇಳಿಸುವ ಕೆಲಸಕ್ಕೆ ಕೊಡಗಿನಲ್ಲಿ ಅತಿ ಸೂಕ್ತವಾದ ಜಾಗ ಅದೇ. ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಟ್ಟು, ನಂತರದ್ದನ್ನು ಜಲ್ಲಿ, ಇದ್ದಿಲು, ಮರಳಿನ ತೊಟ್ಟಿಯಲ್ಲಿ ಸೋಸಿ, ಪೈಪನ್ನು ಬಾವಿಯ ನೀರಿನ ಮಟ್ಟದವರೆಗೆ ಇಳಿಸಬೇಕು; ಮೇಲಿನಿಂದ ಸುರಿದರೆ ಬಾವಿಯ ಗೋಡೆ ಕುಸಿಯುತ್ತದೆ. ಇಳಿಜಾರಿನ ಮೇಲೆ ಕಟ್ಟಿರುವ ಮಡಿಕೇರಿಯಲ್ಲಿ ಇದನ್ನು ಮಾಡಬಾರದು. ಕೂಟುಹೊಳೆಯ ನೀರನ್ನು ನೆಚ್ಚಿರುವ ಆ ಊರಿನ ಮನೆಗಳು, ಹೋಂಸ್ಟೇಗಳು ಸೂರಿನ ನೀರನ್ನು ತೊಟ್ಟಿಯಲ್ಲಿ ಕೂಡಿಟ್ಟು ಬಳಸುವುದೇ ಕ್ಷೇಮ.

ತೋಟದೊಳಗಿನ ಕೊಳವೆಬಾವಿಗೆ ಓಡುನೀರನ್ನು ನೇರವಾಗಿ ತಿರುಗಿಸಬೇಡಿ. ಕರಿಮೆಣಸಿಗೂ ಕಾಫಿಗೂ ಹೊಡೆಯುವ ಶಿಲೀಂಧ್ರನಾಶಕ ಬೋರ್ಡೋ ದ್ರಾವಣದ ತಾಮ್ರ, ಗೊಬ್ಬರದ ನೈಟ್ರೇಟ್, ಕೀಟನಾಶಕ ಎಲ್ಲವೂ ಆ ನೀರಿನ ಜೊತೆ ಬರುತ್ತವೆ. ಮಣ್ಣಿನ ಮೂಲಕ ಇಳಿಯುವಾಗ ಇವುಗಳಲ್ಲಿ ಸಾಕಷ್ಟು ಪಾಲು ತಡೆಹಿಡಿಯಲ್ಪಡುತ್ತದೆ. ಕೊಳವೆಯ ಮೂಲಕ ಇಳಿದದ್ದು ನೇರವಾಗಿ ಬಿರುಕಿಗೆ, ಅಲ್ಲಿಂದ ಪಕ್ಕದ ಮನೆಯ ಕುಡಿಯುವ ನೀರಿಗೆ ಹೋಗುತ್ತದೆ. ಪಲ್ಪಿಂಗ್ ಮಾಡಿದ (ಕಾಫಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ) ಕಾಫಿ ನೀರಂತೂ ತೋಡಿಗೂ ಹೋಗಬಾರದು, ಇಂಗುಗುಂಡಿಗೂ ಹೋಗಬಾರದು. ನೀರು ಸಿಗದೆ ಬಿಟ್ಟ ಕೊಳವೆಬಾವಿಯ ಬಾಯಿಯನ್ನು ಭದ್ರವಾಗಿ ಮುಚ್ಚುವುದು 2010ರ ಸುಪ್ರೀಂ ಕೋರ್ಟ್ ಸೂಚನೆಗಳ ಪ್ರಕಾರ ಕಡ್ಡಾಯ.

ಹೋಂಸ್ಟೇಯ ಸ್ನಾನ, ಪಾತ್ರೆ ತೊಳೆದ ನೀರಿಗೆ ಸಣ್ಣದೊಂದು ಕೃತಕ ಜೌಗು ಕಟ್ಟಬಹುದು. ಎಣ್ಣೆ ಜಿಡ್ಡು ಹಿಡಿಯುವ ತೊಟ್ಟಿ ದಾಟಿದ ನೀರು, ಎರಡಡಿ ಆಳಕ್ಕೆ ಜಲ್ಲಿ ತುಂಬಿ ತಳ ಗಾರೆ ಮಾಡಿದ ಉದ್ದನೆಯ ಮಡಿಯಲ್ಲಿ ಮೂರ್ನಾಲ್ಕು ದಿನ ನಿಧಾನವಾಗಿ ಸಾಗಬೇಕು. ಜಲ್ಲಿಯಲ್ಲಿ ಕಾಬಾಳೆ, ಆಪು ನೆಡಿ. ನೀರು ಜಲ್ಲಿಯ ಮೇಲಕ್ಕೆ ಬರದಂತೆ ನೋಡಿಕೊಂಡರೆ ಸೊಳ್ಳೆಯಾಗುವುದಿಲ್ಲ. ಒಬ್ಬ ಮನುಷ್ಯನಿಗೆ ಒಂದರಿಂದ ಎರಡು ಚದರ ಮೀಟರ್ ಜಾಗ ಬೇಕು, ಕುಡಿಯುವ ನೀರಿನ ಬಾವಿಯಿಂದ ಅರವತ್ತು ಅಡಿಯಾದರೂ ದೂರವಿರಬೇಕು. ಹೊರಬಂದ ನೀರು ಬಾಳೆಗೆ, ಮೇವಿನ ಹುಲ್ಲಿಗೆ ಆಗುತ್ತದೆ.

ಕಾಡಿನವುಗಳ ಪಾಲು

ನಾಗರಹೊಳೆಯೊಳಗಿನ ಹಡ್ಲುಗಳನ್ನು ನೋಡಿದವರಿಗೆ ಜೌಗು ಏನು ಮಾಡುತ್ತದೆಂದು ಬೇರೆ ಹೇಳಬೇಕಿಲ್ಲ. ಮರಗಳ ನಡುವಿನ ಆ ತಗ್ಗು ಹುಲ್ಲುಬಯಲುಗಳಲ್ಲಿ ಸುತ್ತಲಿನ ಕಾಡು ಒಣಗಿ ನಿಂತ ಮೇಲೂ ಹಸಿರು, ತೇವ ಎರಡೂ ಇರುತ್ತದೆ. ಜಿಂಕೆ, ಕಾಟಿ, ಆನೆಗಳು ಅಲ್ಲಿಗೆ ಬರುತ್ತವೆ. ಕಾಡಂಚಿನ ನಮ್ಮ ಪಾಳುಗದ್ದೆಗಳು ಕಾಡಿನ ಹೊರಗಿನ ಹಡ್ಲುಗಳೇ ಸರಿ.

ಆನೆ ನೀರು ಕುಡಿದು ಮುಗಿಸುತ್ತದೆ ಎಂಬ ದೂರಿಗೆ ಒಂದು ಲೆಕ್ಕ ಸಾಕು. ಒಂದು ಆನೆ ದಿನಕ್ಕೆ 150 ಲೀಟರ್ ಕುಡಿಯುತ್ತದೆಂದು ಹಿಡಿದರೆ ಹತ್ತು ಆನೆಗಳು ಬೇಸಿಗೆಯ ತೊಂಬತ್ತು ದಿನಗಳಲ್ಲಿ ಕುಡಿಯುವುದು 1.35 ಲಕ್ಷ ಲೀಟರ್, ಅಂದರೆ ಒಂದೂಕಾಲು ಎಕರೆ ಕಾಫಿಗೆ ಒಂದು ಸಲ ಹಾಯಿಸುವ ನೀರು. ತಕರಾರು ಪ್ರಮಾಣದ್ದಲ್ಲ, ಜಾಗದ್ದು. ಲೈನ್ ಮನೆ, ಶಾಲೆಯ ದಾರಿ, ಬಸ್ ನಿಲ್ಲುವ ಜಾಗಗಳ ಹತ್ತಿರ ತೆರೆದ ಕೆರೆ ಇದ್ದರೆ ಆನೆ ಅಲ್ಲಿಗೇ ಬರುತ್ತದೆ. ಹೊಸ ಕೆರೆಯನ್ನು ಮನೆಗಳಿಂದ ದೂರ, ಕಾಡಂಚಿಗೆ ಸರಿಸಿ ತೆಗೆಸಿ. ಮೂರು ಬದಿ ಹೇಗೇ ಇರಲಿ, ಒಂದು ಬದಿಯಲ್ಲಾದರೂ ಒಂದಡಿ ಆಳಕ್ಕೆ ಮೂರಡಿ ಉದ್ದದ ಇಳಿಜಾರು ಬಿಡಿ. ನೆಟ್ಟಗಿನ ಅಂಚಿನ ಕೆರೆಗೆ ಬಿದ್ದ ಮರಿಯಾನೆಯನ್ನು ಮೇಲೆತ್ತಲು ಕೊನೆಗೆ ಜೆಸಿಬಿ ತಂದು ಅಂಚನ್ನು ಒಡೆಯಬೇಕಾಗುತ್ತದೆ, ಅಷ್ಟರಲ್ಲಿ ತಾಯಿ ಆನೆ ಅರ್ಧ ಎಕರೆ ಕಾಫಿಯನ್ನು ತುಳಿದಿರುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಇನ್ನೂ ಅಪಾಯ, ಕಾಲಿಗೆ ಹಿಡಿತ ಸಿಗುವುದಿಲ್ಲ. ಹಾಸಲೇಬೇಕಾದರೆ ಒಂದು ಬದಿಗೆ ಹಳೆಯ ಟೈರುಗಳನ್ನು ಹಗ್ಗದಿಂದ ಹೆಣೆದು ಮೆಟ್ಟಿಲಿನಂತೆ ಇಳಿಬಿಡಿ.

ಹೊಳೆಯಿಂದ ಪಂಪ್ ಮಾಡುವವರು ನೀರಿನ ಅಂಚಿನ ಬಂಡೆಯೊಂದಕ್ಕೆ ಗುರುತು ಹಾಕಿ, ನೀರು ಅದಕ್ಕಿಂತ ಕೆಳಗಿಳಿದ ಮೇಲೆ ಸ್ಪ್ರಿಂಕ್ಲರ್ ಜೆಟ್ ನಿಲ್ಲಿಸುವುದೆಂದು ಅಕ್ಕಪಕ್ಕದ ತೋಟದವರೊಂದಿಗೆ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಬರದ ವರ್ಷಗಳಲ್ಲಿ ಕುಡಿಯುವ ನೀರಿಗಾಗಿ ಜಿಲ್ಲಾಡಳಿತವೇ ಹೊಳೆಯಿಂದ ಪಂಪ್ ಮಾಡುವುದನ್ನು ನಿರ್ಬಂಧಿಸಿದ್ದುಂಟು. ಆ ಆದೇಶ ಬರುವವರೆಗೆ ಕಾದರೆ ಮಡುಗಳಲ್ಲಿ ಮೀನು ಉಳಿದಿರುವುದಿಲ್ಲ. ಕಾವೇರಿ ಹೊಳೆಯ ಕಿತ್ತಳೆ ರೆಕ್ಕೆಯ ದೊಡ್ಡ ಮಹಸೀರ್ 2018ರಿಂದ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ, ಬೇಸಿಗೆಯಲ್ಲಿ ಅದಕ್ಕೆ ಆಸರೆ ಆಳದ ಮಡುಗಳೇ. ಸರದಿಯ ಮೇಲೆ, ಒಂದು ದಿನ ಮೇಲಿನವರು, ಮರುದಿನ ಕೆಳಗಿನವರು ಎಂದು ಹಾಯಿಸಿಕೊಂಡರೆ ಹೊಳೆ ಒಂದೇ ರಾತ್ರಿಯಲ್ಲಿ ಬತ್ತುವುದು ತಪ್ಪುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಮೊದಲ ವರ್ಷ ಬಾವಿಯಲ್ಲಿ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಗಾಬರಿಯಾಗಬೇಡಿ. ಒಟ್ಟು ಮಳೆ ವರ್ಷದಿಂದ ವರ್ಷಕ್ಕೆ ಏರುಪೇರಾಗುವುದರಿಂದ ಮಟ್ಟವನ್ನಷ್ಟೇ ಹೋಲಿಸಿದರೆ ಮೋಸಹೋಗುತ್ತೇವೆ. ಅಕ್ಟೋಬರ್ ಒಂದರಿಂದ ಫೆಬ್ರವರಿ ಒಂದರವರೆಗೆ ಬಾವಿ ಎಷ್ಟು ಅಡಿ ಇಳಿಯಿತು, ತೋಡಿನ ಹರಿವು ಯಾವ ತಾರೀಕಿಗೆ ನಿಂತಿತು ಎಂಬ ಎರಡನ್ನೇ ಹಿಂದಿನ ವರ್ಷದ ಪುಟದ ಪಕ್ಕದಲ್ಲಿ ಬರೆಯಿರಿ. ಬಾವಿಯ ಇಳಿತ ಒಂದೆರಡು ಅಡಿ ಕಡಿಮೆಯಾಗಿ, ತೋಡು ಹದಿನೈದು ದಿನ ತಡವಾಗಿ ನಿಂತರೆ ಬದು, ಹಲಗೆ, ಅಡ್ಡಕಟ್ಟುಗಳು ಕೆಲಸ ಮಾಡುತ್ತಿವೆ ಎಂದೇ ಅರ್ಥ. ಹಾಗಾಗದಿದ್ದರೆ ಡಿಸೆಂಬರ್‌ನಲ್ಲಿ ಗದ್ದೆಯ ಬಸಿಗಾಲುವೆಯ ಉದ್ದಕ್ಕೂ ಒಮ್ಮೆ ನಡೆದು ನೋಡಿ, ಎಲ್ಲೋ ಒಂದು ಕಟ್ಟು ಒಡೆದು ನೀರು ಜುಳುಜುಳು ಹೋಗುತ್ತಿರುತ್ತದೆ.